ಹೆಸರಿನ ಋಣ

(ಹಟ್ಟಿಯಲ್ಲಿ ಶ್ರಾವಣ ಮಾಸದ ಪ್ರವಚನದ ಸಂದರ್ಭದಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



ಕಳೆದ ಸೋಮವಾರ ನಾವು ಲಿಂಗಪೂಜೆ ತೀರಿಸಿ ಹೊರಗೆ ಬಂದಾಗ ಒಬ್ಬ ತಾಯಿ ಅಂಗಳದಲ್ಲಿ ಕಾದು ಕುಳಿತಿದ್ದಳು. "ಅಪ್ಪಾರ, ನಮ್ಮಪ್ಪನ ಕುಣಿ ಎಲ್ಲೈತಿ ತೋರ್ಸು ಅಂತ ನನ್ನ ಮೊಮ್ಮಗ ಹಟ ಹಿಡದಾನ್ರಿ. ಹೋಗಿ ನೋಡಿದೆ, ನನಗ ಗುರ್ತಾ ಸಿಗವಲ್ದು" ಎಂದಳು. ಆಕೆಯ ತಂದೆ 1971ರ ಯುದ್ಧದಲ್ಲಿ ಕಾದು ಬಂದ ಸಿಪಾಯಿ. ಕಾಲಿಗೆ ಗಾಯ ಮಾಡಿಕೊಂಡು ಊರಿಗೆ ಮರಳಿದವರು.

ಆ ಮಾತು ಕೇಳಿ ನಮಗೆ ನಾಚಿಕೆಯಾಯಿತು. ಪ್ರತಿವರ್ಷ ಜಾತ್ರೆಗೆ ಅವರು ಬರುತ್ತಿದ್ದರು. ಪಿಂಚಣಿಯ ಹಣದಲ್ಲಿ ಒಂದು ಚೀಲ ಜೋಳ ಕೊಂಡು ದಾಸೋಹಕ್ಕೆ ಹಾಕಿ, ಪಂಕ್ತಿಯ ಕೊನೆಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋಗುತ್ತಿದ್ದರು. ಶಾಲು ಹೊದಿಸುವಾಗ ನಮ್ಮ ಕಣ್ಣಿಗೆ ಹತ್ತು ಚೀಲ ಕೊಟ್ಟವರು ಕಂಡರು, ಇವರು ಕಾಣಲಿಲ್ಲ. ಎಲ್ಲರೂ ಮಿಲ್ಟ್ರಿ ಅಜ್ಜ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಹೆಸರು ಕೇಳಲಿಲ್ಲ. ಅವರು ಲಿಂಗೈಕ್ಯರಾದಾಗ ನಾವು ಪ್ರವಾಸದಲ್ಲಿದ್ದೆವು. ಮಠದಿಂದ ಒಬ್ಬ ಮರಿಯನ್ನು ಕಳಿಸಿ ಕೈ ತೊಳೆದುಕೊಂಡೆವು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ, ವಿಧಿಪೂರ್ವಕವಾಗಿಯೇ ಮಣ್ಣು ಕೊಟ್ಟರಂತೆ. ಆದರೆ ನಮ್ಮ ಎರೆಭೂಮಿಯ ಗುಣ ನಿಮಗೆ ಗೊತ್ತು. ಬೇಸಿಗೆಗೆ ಬಾಯಿ ಬಿಡುತ್ತದೆ, ಮಳೆಗೆ ಕುಸಿಯುತ್ತದೆ. ನಾಲ್ಕು ಮಳೆಗಾಲ ಕಳೆದರೆ ದಿಬ್ಬವೇ ಇಲ್ಲ. ಅಲ್ಲಿ ಈಗ ಜಾಲಿ ಬೆಳೆದಿದೆ.

ಅಲ್ಲೊಂದು ಕಲ್ಲು ನಿಲ್ಲಿಸೋಣವೆಂದು ನಾವು ಹೇಳಿದಾಗ ಹಿರಿಯರೊಬ್ಬರು, "ಇಷ್ಟಲಿಂಗ ಕಟ್ಟಿದವರಿಗೆ ಕಲ್ಲಿನ ಹಂಗು ಯಾಕ್ರಿ ಅಪ್ಪಾರ?" ಎಂದರು. ಅದು ಹಗುರವಾದ ಆಕ್ಷೇಪವಲ್ಲ. ಸ್ಥಾವರವು ಅಳಿಯುವುದೆಂದೇ ಶರಣರು ನಮಗೆ ಬೋಧಿಸಿದ್ದಾರೆ. ಕಲ್ಲು ನೆಟ್ಟರೆ ನಾಳೆ ಕಾಯಿ ಒಡೆಯುವವರು ಬರುತ್ತಾರೆ, ನಾಡಿದ್ದು ಹರಕೆ ಶುರುವಾಗುತ್ತದೆ ಎಂಬ ಭಯ ನಮಗೂ ಇದೆ. ಅದಕ್ಕೇ ಎರಡು ದಿನ ವಿಚಾರ ಮಾಡಿದೆವು.

ನಮ್ಮ ಪಕ್ಕದ ಮಸ್ಕಿಯನ್ನೇ ನೋಡಿರಿ. ದೇಶದ ನಾನಾ ಕಡೆ ಬಂಡೆಗಳ ಮೇಲೆ ಶಾಸನ ಬರೆಸಿದ ಸಾರ್ವಭೌಮನೊಬ್ಬ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದ. ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ನಿರ್ಣಯಿಸಿದ್ದರು. ಆದರೆ ಅವನ ಶಾಸನದಲ್ಲಿ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಶಾಸನವೊಂದನ್ನು ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಚಕ್ರವರ್ತಿಗೂ ತನ್ನ ಗುರುತು ಉಳಿಯಲು ನಮ್ಮ ಸೀಮೆಯ ಒಂದು ಬಂಡೆ ಬೇಕಾಯಿತು. ಮಸ್ಕಿಯವರು ಯಾರೂ ಆ ಬಂಡೆಗೆ ಹರಕೆ ಹೊತ್ತದ್ದನ್ನು ನಾವು ಕೇಳಿಲ್ಲ.

ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದು ದೊರೆತಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿ ಹೆಸರು ಬರೆಸಿದರು. ಸಾವಿರ ವರ್ಷದ ಮೇಲೂ ನಾವು ಆ ನಾಯಿಯ ಹೆಸರು ಹೇಳುತ್ತಿದ್ದೇವೆ. ದೇಶಕ್ಕಾಗಿ ಕಾದ ನಮ್ಮೂರ ಮನುಷ್ಯನ ಹೆಸರು ನಮ್ಮ ಬಾಯಲ್ಲಿಲ್ಲ!

ದಿಲ್ಲಿಗೆ ಹೋದವರು ತೀನ್ ಮೂರ್ತಿಯನ್ನು ನೋಡಿರಬಹುದು. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನ್ ಕಡೆ ಕಾದಿದ ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಕುದುರೆ ಸವಾರರ ನೆನಪಿಗೆ 1922ರಲ್ಲಿ ಅದನ್ನು ನಿಲ್ಲಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ, ಮೈಸೂರಿನ ಸವಾರರು. ನಮ್ಮ ರಾಯಚೂರು ಆಗ ಹೈದರಾಬಾದಿಗೆ ಸೇರಿತ್ತು. ಅಂದಮೇಲೆ ಆ ಮೂರರಲ್ಲಿ ಒಂದು ಮೂರ್ತಿ ನಮ್ಮ ಹಿರಿಯರ ಸಂಸ್ಥಾನದ್ದು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಕೂಡಿಸಿದರು. ಒಳ್ಳೆಯದೇ. ಆದರೆ ದಿಲ್ಲಿಯ ಮೂರ್ತಿ ನೋಡಿ ಆ ತಾಯಿಯ ಮೊಮ್ಮಗನಿಗೆ ತನ್ನ ಮುತ್ತಜ್ಜ ಸಿಗುವನೇ?

ಸಿಪಾಯಿತನವೂ ಒಂದು ಕಾಯಕ. ಕಾಯಕ ಮಾಡಿದವನು ಫಲ ಬೇಡಲಿಲ್ಲವೆಂದು ಉಂಡವರ ಋಣ ಹರಿಯುವುದಿಲ್ಲ. ಆದ್ದರಿಂದ ಕಲ್ಲು ನಿಲ್ಲಬೇಕೆಂದೇ ನಮ್ಮ ಅಪ್ಪಣೆ. ಅದರ ಮೇಲೆ ಹೆಸರು, ಪಲ್ಟನ್ನಿನ ನಂಬರು, 1971 ಎಂಬ ವರುಷ, ಇಷ್ಟೇ ಇರಲಿ. ಮಠದ ಹೆಸರಾಗಲಿ ನಮ್ಮ ಹೆಸರಾಗಲಿ ಬೇಡ. ಅದಕ್ಕೆ ಕಾಯಿ, ಕರ್ಪೂರ, ಎಡೆ ಯಾವುದೂ ಇಲ್ಲ.

ಕುಣಿಯ ಜಾಗ ಕೊನೆಗೆ ಸಿಕ್ಕಿತು. ಅಂದು ಕುಣಿ ತೆಗೆದ ಮುದುಕ ಇನ್ನೂ ಇದ್ದಾನೆ. ಕಣ್ಣು ಮಂಜಾಗಿವೆ. ಮೊಮ್ಮಗಳ ಹೆಗಲು ಹಿಡಿದು ಬಂದು, ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ಹದಿನೆಂಟು ಹೆಜ್ಜೆ ಎಣಿಸಿ, "ಇಲ್ಲೇರಿ ಅಪ್ಪಾರ, ಕರಿಕಲ್ಲು ಅಡ್ಡ ಬಂದಿತ್ತು, ಹಾರಿ ತಗೊಂಡು ಒಡದಿದ್ದೆ" ಎಂದ. ಅಗೆದು ನೋಡಿದರೆ ಮೊಳದಾಳದಲ್ಲಿ ಆ ಕರಿಕಲ್ಲಿನ ಚೂರುಗಳು ಸಿಕ್ಕವು. ಮಠದ ವಹಿಯಲ್ಲಿ ಇಲ್ಲದ್ದು ಅವನ ಕಾಲಿಗೆ ನೆನಪಿತ್ತು.

ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾವು ನಡೆದೇ ರುದ್ರಭೂಮಿಗೆ ಹೊರಡುತ್ತೇವೆ. ಬ್ಯಾಂಡು, ಲೌಡ್‌ಸ್ಪೀಕರ್ ಬೇಡ. ಹಾರ ತರಬೇಡಿರಿ, ಜಾಲಿ ಕಡಿಯಲು ಕೊಡಲಿ ತನ್ನಿರಿ. ಮಕ್ಕಳನ್ನು ತಪ್ಪದೆ ಕರೆತನ್ನಿರಿ. ಕುಣಿ ತೆಗೆದ ಆ ಹಿರಿಯನು ಕಲ್ಲಿಗೆ ಮೊದಲು ಕೈ ಹಚ್ಚುವನು, ಮಗಳು ಅರಿವೆ ಸರಿಸುವಳು, ಮೊಮ್ಮಗನು ಗಟ್ಟಿಯಾಗಿ ಓದುವನು. ಅವರ ಹೆಸರನ್ನು ನಾವು ಇಂದು ಇಲ್ಲಿ ಹೇಳುವುದಿಲ್ಲ. ನಾಳೆ ಆ ಹುಡುಗನ ಬಾಯಿಂದಲೇ ಕೇಳಿರಿ.