ಹನ್ನೆರಡು ಗುಲಗಂಜಿ ತೂಕದ ಎರಡಾಣೆ

ಮಕ್ಕಳೇ, ಅಂಗಿಯ ಗುಂಡಿಯಷ್ಟೇ ಅಗಲದ ಬೆಳ್ಳಿ ನಾಣ್ಯವೊಂದು ಒಂದು ಕಾಲಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದೇ ಎರಡಾಣೆ, ಪಾವಲಿಯ ಅರ್ಧ. ಅಂಥ ಎಂಟು ಸೇರಿದರೆ ಒಂದು ರೂಪಾಯಿ.

ಆಗಿನ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 96 ಗುಲಗಂಜಿ ತೂಗುತ್ತಿತ್ತು. ಎಂಟರಿಂದ ಭಾಗಿಸಿ ನೋಡಿ: ಎರಡಾಣೆಗೆ 12 ಗುಲಗಂಜಿ, ಸುಮಾರು 1.46 ಗ್ರಾಂ. (ಬೇಲಿಯಲ್ಲಿ ಗುಲಗಂಜಿ ಸಿಕ್ಕರೆ ಬಾಯಿಗೆ ಮಾತ್ರ ಹಾಕಬೇಡಿ, ಅದರ ಬೀಜ ಕಡುವಿಷ.) ಈ ಹನ್ನೆರಡರಲ್ಲಿ 11 ಪಾಲು ಬೆಳ್ಳಿ, 1 ಪಾಲು ತಾಮ್ರ. ತಾಮ್ರ ಬೆರೆಸಿದ್ದು ಮೋಸಕ್ಕಲ್ಲ. ಶುದ್ಧ ಬೆಳ್ಳಿ ಬಲು ಮೆತ್ತಗೆ; ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ನಡುವೆ ಗಾತ್ರದಲ್ಲಿ ಚಿಕ್ಕದಾದ ತಾಮ್ರದ ಪರಮಾಣು ಸೇರಿಕೊಂಡರೆ ಆ ಜಾರಾಟಕ್ಕೆ ತಡೆ ಬೀಳುತ್ತದೆ. ನಾಣ್ಯ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ.

ಅಮೆರಿಕದಲ್ಲೂ ಇದರ ಅಣ್ಣನಂಥದ್ದೊಂದಿತ್ತು: ಐದು ಸೆಂಟಿನ ಬೆಳ್ಳಿ ನಾಣ್ಯ, ಹಾಫ್ ಡೈಮ್. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಜನ ಬೆಳ್ಳಿಯನ್ನೆಲ್ಲ ಬಚ್ಚಿಟ್ಟರು, ಚಿಲ್ಲರೆ ಮಾಯವಾಯಿತು. ಅದೇ ಹೊತ್ತಿಗೆ ಅಮೆರಿಕದ ಹತ್ತಿ ಸಿಗದ ಇಂಗ್ಲೆಂಡಿನ ಗಿರಣಿಗಳು ನಮ್ಮತ್ತ ತಿರುಗಿದವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಹತ್ತಿಗೆ ಬದಲಾಗಿ ಭಾರತಕ್ಕೆ ರಾಶಿ ರಾಶಿ ಬೆಳ್ಳಿ ಬಂತು. ಅಲ್ಲಿ ಬೆಳ್ಳಿ ಅಡಗಿತು, ಇಲ್ಲಿ ಹರಿಯಿತು. ಈ ಎರಡೂ ಒಂದೇ ಯುದ್ಧದ ಫಲ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

1866ರಲ್ಲಿ ಅಮೆರಿಕ ನಿಕ್ಕಲ್ ಬೆರೆತ ಐದು ಸೆಂಟು ತಂದಿತು. 1873ಕ್ಕೆ ಹಾಫ್ ಡೈಮ್ ನಿಂತಿತು. ನಮ್ಮ ಬೆಳ್ಳಿ ಎರಡಾಣೆ 1917ರವರೆಗೆ ಬಾಳಿತು. ಆಗ ಮೊದಲ ಮಹಾಯುದ್ಧ. ಬೆಳ್ಳಿಯ ದರ ಎಷ್ಟು ಏರಿತೆಂದರೆ, ರೂಪಾಯಿಯೊಳಗಿನ ಬೆಳ್ಳಿಗೇ ರೂಪಾಯಿಗಿಂತ ಹೆಚ್ಚು ಬೆಲೆ! ಅಂಥ ನಾಣ್ಯವನ್ನು ಯಾರು ತಾನೇ ಖರ್ಚು ಮಾಡುತ್ತಾರೆ? 1918ರಲ್ಲಿ ಅಮೆರಿಕ ಕಾಯ್ದೆ ಮಾಡಿ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಪಾಲು ಬೆಳ್ಳಿ ಬಂದದ್ದು ಭಾರತಕ್ಕೇ.

ಅದೇ ವರ್ಷ ಹೊಸ ಎರಡಾಣೆ ಹೊರಬಂತು. ಚೌಕ ಆಕಾರ, ಮೂಲೆಗಳು ಮಾತ್ರ ದುಂಡಗೆ. ಮುಕ್ಕಾಲು ತಾಮ್ರ, ಕಾಲು ನಿಕ್ಕಲ್. ಮನೆಯ ಹಳೇ ಪೆಟ್ಟಿಗೆಯಲ್ಲಿ ಅದು ಸಿಕ್ಕರೆ ಅಯಸ್ಕಾಂತ ಹಿಡಿದು ನೋಡಿ. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವ ಲೋಹ. ಆದರೆ ಇಷ್ಟು ತಾಮ್ರದ ನಡುವೆ ಆ ಗುಣ ಉಳಿಯುವುದಿಲ್ಲ, ನಾಣ್ಯ ಅಂಟುವುದಿಲ್ಲ.