ವಾಹನದ ಹೊಳಪು ಮತ್ತು ಹಳ್ಳದ ನೀರು



ಜೀಪು, ಕಾರುಗಳ ಬಣ್ಣಕ್ಕೆ ಹೊಳಪು ಕೊಡುವ ವಿಷಯವನ್ನು ನಾನು ಆರಿಸಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಮಲೆನಾಡಿನ ಒಂಟಿಮನೆಗಳಿಗೆ ವಾಹನವೆಂಬುದು ಇಂದು ಶೋಕಿಯ ವಸ್ತುವಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ, ಅಡಿಕೆಯನ್ನು ಪೇಟೆಗೆ ಸಾಗಿಸುವುದೂ ಅದೇ. ಅದರ ತಗಡು ತುಕ್ಕು ತಿಂದರೆ ನಷ್ಟ ನಮ್ಮದು. ಅದನ್ನು ಹಳ್ಳಕ್ಕಿಳಿಸಿ ಸೋಪಿನಪುಡಿ ಎರಚಿ ತೊಳೆದರೆ ನಷ್ಟ ಕೆಳಗಿನ ಊರಿನವರದ್ದು, ಮೀನುಗಳದ್ದು. ಸೋಪಿನ ಅಂಶವು ಮೀನಿನ ಕಿವಿರುಗಳನ್ನು ಘಾಸಿಗೊಳಿಸುತ್ತದೆ. ಬೇಸಿಗೆಯಲ್ಲಿ ಬತ್ತಿದ ಗುಂಡಿಗಳಲ್ಲಿ ಅದು ಕೊಚ್ಚಿಹೋಗಲು ಹರಿವೂ ಇರುವುದಿಲ್ಲ.

ಮೊದಲು ಬಣ್ಣದ ರಚನೆಯನ್ನು ತಿಳಿಯೋಣ. ಇಂದಿನ ವಾಹನದ ತಗಡಿನ ಮೇಲೆ ಫಾಸ್ಫೇಟ್ ಲೇಪ, ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲ ಸೇರಿದರೂ ದಪ್ಪವು ಸುಮಾರು 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಕ್ಲಿಯರ್ ಕೋಟಿನ ಪಾಲು ಅದರಲ್ಲಿ 40ರಿಂದ 50. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವುದು ಇದೇ ಪದರ. ಪಾಲಿಷ್ ಎಂದರೆ ಹೊಳಪನ್ನು ಹಚ್ಚುವುದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಈ ಪದರವನ್ನು ತುಸು ಸವೆಸಿ ಗೀರುಗಳನ್ನು ಸಮತಟ್ಟುಗೊಳಿಸುವ ಕೆಲಸ. ಸವೆದದ್ದು ಮರಳಿ ಬೆಳೆಯುವುದಿಲ್ಲ. ಆದ್ದರಿಂದ ವರ್ಷವರ್ಷವೂ ರಬ್ಬಿಂಗ್ ಕಾಂಪೌಂಡ್ ಉಜ್ಜುವವರು ತಮ್ಮ ವಾಹನದ ಆಯುಷ್ಯವನ್ನೇ ಉಜ್ಜುತ್ತಿರುತ್ತಾರೆ. ಉಗುರು ಆಡಿಸಿದಾಗ ತಡೆಯುವಷ್ಟು ಆಳವಾದ ಗೀರನ್ನು ಪಾಲಿಷಿನಿಂದ ತೆಗೆಯಲು ಹೋಗಲೇಬಾರದು.

ಗೀರುಗಳಲ್ಲಿ ಹೆಚ್ಚಿನವು ತೊಳೆಯುವಾಗಲೇ ಬೀಳುತ್ತವೆ. ನಮ್ಮ ರಸ್ತೆಯ ಕೆಸರಿನಲ್ಲಿರುವ ಬೆಣಚುಕಲ್ಲಿನ ಕಣ ಉಕ್ಕಿಗಿಂತಲೂ ಗಡಸು. ಒಣಕೆಸರಿನ ಮೇಲೆ ತೆಂಗಿನ ನಾರಿನಿಂದ ತಿಕ್ಕಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ. ವಾಹನವನ್ನು ಬಾವಿ, ಹಳ್ಳಗಳಿಂದ ದೂರವಾಗಿ, ನೀರು ಮಣ್ಣಿನಲ್ಲಿ ಇಂಗುವ ನೆರಳಿನ ಜಾಗದಲ್ಲಿ ನಿಲ್ಲಿಸಿ. ಕೆಸರನ್ನು ನೀರು ಹೊಯ್ದು ನೆನೆಸಿ, ತಾನಾಗಿ ಇಳಿಯಲು ಬಿಡಿ. ಬಳಿಕ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ವಾಹನಕ್ಕೆಂದೇ ಮಾಡಿದ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರಿಯ ನೀರು. ಮೇಲ್ಛಾವಣಿಯಿಂದ ಕೆಳಕ್ಕೆ ಒರೆಸುತ್ತ ಬನ್ನಿ. ಎಂಜಿನಿನ ಜಿಡ್ಡನ್ನು ಮಾತ್ರ ಮನೆಯಂಗಳದಲ್ಲಿ ತೊಳೆಯಬೇಡಿ. ಸೋಪಿನಂತೆ ಅದು ಮಣ್ಣಿನಲ್ಲಿ ಬೇಗನೆ ಕರಗಿಹೋಗುವಂಥದ್ದಲ್ಲ. ಸೀಮೆಎಣ್ಣೆಯಲ್ಲಿ ಒರೆಸುವ ಹಳೆಯ ಪದ್ಧತಿಯೂ ಬೇಡ. ಎರಡು ದಿನ ಮಿನುಗುವುದು ಎಣ್ಣೆಯೇ ಹೊರತು ಬಣ್ಣವಲ್ಲ, ಧೂಳು ಬಂದು ಅದಕ್ಕೇ ಅಂಟುತ್ತದೆ.

ಕಲ್ಲು ಸಿಡಿದು ತುಕ್ಕು ಹಿಡಿದ ಚುಕ್ಕೆಗಳಿದ್ದರೆ ಪಾಲಿಷಿಗೆ ಮುನ್ನ ಅವನ್ನು ಸರಿಪಡಿಸಬೇಕು. ಹೊಳೆಯುವ ಲೋಹ ಕಾಣುವವರೆಗೆ ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ, ಪೂರ್ತಿ ಒಣಗಿಸಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟುಗಳನ್ನು ಒಂದು ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಬೇಕು. ಒಣಗಿಯೇ ಉಜ್ಜಿದರೆ ಧೂಳು ಶ್ವಾಸಕೋಶಕ್ಕೆ ಸೇರುತ್ತದೆ. ಹಳೆಯ ವಾಹನಗಳ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ನಮ್ಮ ದೇಶದಲ್ಲಿ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಪಾಲಿನ ಮಿತಿ ಹಾಕಿದ 2016ರ ನಿಯಮವೂ ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದ್ದು. ಮಕ್ಕಳನ್ನು ದೂರವಿಡಿ, ಉಜ್ಜಿದ ಕೆಸರನ್ನು ಹಳೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ, ಚರಂಡಿಗೆ ಹರಿಯಬಿಡಬೇಡಿ.

ಪಾಲಿಷನ್ನು ಮೊದಲು ಮರೆಯಾದ ಒಂದು ಮೂಲೆಯಲ್ಲಿ ಪ್ರಯೋಗಿಸಿ. ಬಟ್ಟೆಗೆ ವಾಹನದ ಬಣ್ಣವೇ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲವೆಂದರ್ಥ. ಹಳೆಯ ಜೀಪುಗಳಲ್ಲಿ ಇದು ಸಹಜ. ಅತಿ ನಯವಾದ ಪಾಲಿಷಿನಿಂದಲೇ ತೊಡಗಿ, ಮೊಳದಗಲದಷ್ಟು ಜಾಗವನ್ನು ಮಾತ್ರ ಒಮ್ಮೆಗೆ ಹಿಡಿಯಿರಿ. ಅಂಚುಗಳಲ್ಲಿ ಕೈ ಹಗುರವಾಗಿರಲಿ, ಅಲ್ಲಿ ಬಣ್ಣ ಬೇಗ ಸವೆಯುತ್ತದೆ.

ಕೊನೆಯದು ಮೇಣ. ಇದು ಸವೆಸುವುದಿಲ್ಲ, ಕಾಯುತ್ತದೆ. ಹೆಸರಾದ ಕಾರ್ನೌಬಾ ಮೇಣವು ಈಶಾನ್ಯ ಬ್ರೆಜಿಲಿನ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುತ್ತದೆ. ಬಿಸಿಲಿನಲ್ಲಿ ನೀರು ಆರಿಹೋಗದಂತೆ ಆ ಮರ ತನ್ನ ಎಲೆಗೆ ಹೊದಿಸಿಕೊಂಡ ಹೊದಿಕೆಯನ್ನೇ ನಾವು ನಮ್ಮ ತಗಡಿಗೆ ಹೊದಿಸುತ್ತಿದ್ದೇವೆ! ನಮ್ಮ ಮಳೆಗೆ ಅದು ಬಹುಕಾಲ ನಿಲ್ಲದು. ಮೇ ತಿಂಗಳಲ್ಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ತೆಳ್ಳಗೆ ಹಚ್ಚಿದರೆ ಸಾಕು. ತುಕ್ಕಿನ ಕೆಲಸವನ್ನಂತೂ ಜೂನಿಗೆ ಮುನ್ನವೇ ಮುಗಿಸಿಕೊಳ್ಳಿ. ಜಡಿಮಳೆ ಹಿಡಿದ ಮೇಲೆ ಪ್ರೈಮರ್ ಸರಿಯಾಗಿ ಒಣಗುವುದಿಲ್ಲ.