ಮೋಡದ ಲೆಕ್ಕ ಹಿಡಿದ ವಿಮಾನದ ಎಂಜಿನಿಯರ್

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಿಂದ ಬಂದು ಕುಂತಿರುವ ಸದಸ್ಯ ಬಾಂಧವರೇ, ತಾಯಂದಿರೇ,

ಸಹಕಾರದ ಬಗ್ಗೆ ನಾಲ್ಕು ಮಾತಾಡ್ರಿ ಅಂತ ಅಧ್ಯಕ್ಷರು ಹೇಳ್ಯಾರ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕತಿ ನೀವು ಪ್ರತಿ ವರ್ಷ ಕೇಳೀರಿ. ಇವತ್ತು ನಾನು ಬ್ಯಾರೆ ಒಬ್ಬರನ್ನು ನೆನೆಸಬೇಕಂತ ಬಂದೀನಿ. ಅವರು ಸಹಕಾರಿ ಧುರೀಣರಲ್ಲ, ವಿಮಾನದ ಎಂಜಿನಿಯರ್. ಹೆಸರು ಪ್ರೊಫೆಸರ್ ರೊದ್ದಂ ನರಸಿಂಹ.

2020ನೇ ಇಸವಿ ನಮಗೆಲ್ಲಾ ನೆನಪದ. ಅಕ್ಟೋಬರದಾಗ ಭೀಮಾ ಹೊಳಿ ತುಂಬಿ ಬಂತು. ಅಫಜಲಪುರ, ಜೇವರ್ಗಿ ಕಡೆ ಹೊಳಿ ದಂಡಿ ಊರುಗಳು ನೀರಾಗ ನಿಂತವು. ನನ್ನ ತಮ್ಮನ ನಾಲ್ಕು ಎಕರೆ ತೊಗರಿ ಹೂ ಬಿಡೋ ಹೊತ್ತಿಗೆ ಬೇರು ಕೊಳೆತು ಹೋಯಿತು. ಎರಡು ತಿಂಗಳ ನಂತರ, ಡಿಸೆಂಬರ್ 14ರಂದು, ಬೆಂಗಳೂರಿನಲ್ಲಿ ನರಸಿಂಹ ಅವರು ತೀರಿಕೊಂಡರು. 87 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಮುಂಗಾರಿನ ಮೋಡದ ಗುಟ್ಟು ತಿಳಿಯಲು ಆಯುಷ್ಯ ಸವೆಸಿದವರು, ಮಳಿ ನಮ್ಮನ್ನ ಮುಳುಗಿಸಿದ ವರ್ಷವೇ ಹೋದರಲ್ಲ ಅಂತ ನನಗ ಭಾಳ ಕೆಡುಕೆನಿಸಿತು.

ಅವರು ಹುಟ್ಟಿದ್ದು 1933ರ ಜುಲೈ 20ರಂದು. ಹೆಸರಿನಲ್ಲಿರುವ ರೊದ್ದಂ ಅನ್ನೋದು ಗಡಿಯಾಚೆ, ಹಳೆಯ ಅನಂತಪುರ ಜಿಲ್ಲೆಯ ಊರು. ತಂದೆ ಆರ್.ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ಮಹಾಯುದ್ಧದ ಕಾಲದ ಒಂದು ಸ್ಪಿಟ್‌ಫೈರ್ ವಿಮಾನ ನಿಂತಿತ್ತು. ಅದನ್ನು ಕಂಡ ಹುಡುಗನ ಮನಸ್ಸು ವಿಮಾನದ ಕಡೆ ತಿರುಗಿತು. ಅಲ್ಲಿ ಸತೀಶ್ ಧವನ್ ಅವರ ಕೈಕೆಳಗೆ ಕಲಿತು, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 1961ರಲ್ಲಿ ಪಿಎಚ್.ಡಿ. ಪಡೆದು, ಅಲ್ಲೇ ಉಳಿಯದೆ 1962ರಲ್ಲಿ ಬೆಂಗಳೂರಿಗೆ ಮೇಷ್ಟ್ರಾಗಿ ಬಂದರು.

ವಿಮಾನದವರಿಗೂ ಮಳಿಗೂ ಏನ್ರಿ ಸಂಬಂಧ ಅಂತೀರಿ. ದೇವರ ಮುಂದೆ ಊದಿನಕಡ್ಡಿ ಹಚ್ಚಿ ನೋಡ್ರಿ. ಹೊಗೆ ಒಂದು ಗೇಣು ನೆಟ್ಟಗ ಏರ್ತದ, ಮುಂದ ಸುರುಳಿ ಸುರುಳಿಯಾಗಿ ಚದುರ್ತದ. ನೆಟ್ಟಗಿದ್ದ ಹರಿವು ಎಲ್ಲಿ, ಹೆಂಗ ಕದಡತದ ಅನ್ನೋದೇ ನರಸಿಂಹ ಅವರ ಜೀವನದ ಪ್ರಶ್ನೆ. ವಿಮಾನದ ರೆಕ್ಕೆ ಮೇಲಿನ ಗಾಳಿಯೊಳಗೂ ಅದೇ ಪ್ರಶ್ನೆ, ಮೋಡದೊಳಗೂ ಅದೇ. ಆದ್ದರಿಂದಲೇ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರ ಶುರುವಾಗುವಾಗ ಈ ವಿಮಾನದ ಮೇಷ್ಟ್ರೇ ಮುಂದೆ ನಿಂತರು.

1984ರಿಂದ 1993ರವರೆಗೆ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. ಗಾಳಿಯ ಲೆಕ್ಕ ಮಾಡಲಿಕ್ಕೆ ಭಾರಿ ಕಂಪ್ಯೂಟರ್ ಬೇಕು. ಅವತ್ತಿನ ದಿವಸ ಅಮೆರಿಕದಿಂದ ಅಂಥಾದ್ದು ತರಬೇಕಂದ್ರ ಪರವಾನಗಿ, ನೂರೆಂಟು ಷರತ್ತು. ನರಸಿಂಹ ಅವರೂ ಅವರ ಸಂಗಡಿಗರೂ ಕೈ ಕಟ್ಟಿ ಕುಂಡರಲಿಲ್ಲ. ಪೇಟೆಯಲ್ಲಿ ಸಿಗುವ ಸಣ್ಣ ಪ್ರೊಸೆಸರ್‌ಗಳನ್ನು ಜೋಡಿಸಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರ ಕಟ್ಟಿದರು. ಮೊದಲನೆಯದರಲ್ಲಿ ಇದ್ದವು ನಾಲ್ಕೇ ನಾಲ್ಕು.

ಅದು ಕೆಲಸ ಮಾಡೋ ರೀತಿ ನಮಗ ಹೊಸದಲ್ಲ. ನಮ್ಮಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಹಂಗ. ಕಳೆ ತೆಗೆಯೋ ಹೊಲದಾಗ ನಾಲ್ಕು ಮಂದಿ ಒಬ್ಬೊಬ್ಬರು ಒಂದೊಂದು ಸಾಲು ಹಿಡೀತಾರ. ಬಾಜೂದವರು ಎಲ್ಲಿಗೆ ಬಂದ್ರು ಅಂತ ನೋಡಿ, ಮಾತಾಡಿಕೋತ ಸಾಗ್ತಾರ. ಈ ಯಂತ್ರದಲ್ಲೂ ಆಕಾಶವನ್ನ ತುಂಡು ಮಾಡಿ, ಒಂದೊಂದು ಪ್ರೊಸೆಸರಿಗೆ ಒಂದೊಂದು ತುಂಡು ಹಂಚ್ತಾರ. ಪ್ರತಿಯೊಂದೂ ತನ್ನ ಲೆಕ್ಕ ಮಾಡಿ, ಅಂಚಿನ ಸಂಗತಿ ಪಕ್ಕದ್ದಕ್ಕೆ ತಿಳಿಸ್ತದ. ಪಕ್ಕದ್ದಕ್ಕೆ ಹೇಳದಿದ್ರ ಎಲ್ಲರ ಲೆಕ್ಕವೂ ತಪ್ಪು. ಮುಂದೆ ಅದೇ ಹೆಸರಿನ ಇನ್ನೂ ದೊಡ್ಡ ಯಂತ್ರಗಳು ಮುಂಗಾರಿನ ಲೆಕ್ಕವನ್ನೂ ಮಾಡಿದವು. ಬಂಧುಗಳೇ, ನಮ್ಮ ಸಂಘದ ಶೇರಿನ ಲೆಕ್ಕವೂ ಇದೇ ಅಲ್ಲೇನ್ರಿ? ಒಬ್ಬೊಬ್ಬರ ಹತ್ರ ಇದ್ದದ್ದು ಸಣ್ಣದು, ಕೂಡಿಸಿದ ಮ್ಯಾಲೆ ಬೀಜ ಬಂತು, ಗೊಬ್ಬರ ಬಂತು.

ಕಂಪ್ಯೂಟರ್ ಒಂದರಿಂದಲೇ ಮಳಿ ತಿಳಿಯೋದಿಲ್ಲ, ನೆಲಕ್ಕೆ ಹೋಗಿ ಅಳೀಬೇಕು ಅನ್ನೋದೂ ಅವರಿಗೆ ಗೊತ್ತಿತ್ತು. 1990ರಲ್ಲಿ ದೊಡ್ಡದೊಂದು ಪ್ರಯೋಗಕ್ಕೆ ಅವರು ಮುಂದಾಳಾದರು. ಜೋಧಪುರ, ದಿಲ್ಲಿ, ವಾರಾಣಸಿ, ಖರಗಪುರಗಳಲ್ಲಿ 30 ಮೀಟರ್ ಎತ್ತರದ ಗೋಪುರ ನಿಲ್ಲಿಸಿ ಮುಂಗಾರಿನ ಗಾಳಿ, ಸೆಖೆ, ತೇವ ಅಳೆದರು. ಅನೇಕ ಸಂಸ್ಥೆಗಳು ಕೂಡಿ ಮಾಡಿದ ಕೆಲಸ ಅದು.

ಅರವತ್ತಕ್ಕೆ ನಿರ್ದೇಶಕರ ಕುರ್ಚಿ ಬಿಟ್ಟ ಮೇಲೂ ಅವರಿಗೆ ವಿಶ್ರಾಂತಿ ಬೇಕಾಗಲಿಲ್ಲ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತೊಟ್ಟಿಯೊಳಗೆ ಮೋಡ ಮಾಡಿದರು! ನೀರು ತುಂಬಿದ ತೊಟ್ಟಿಯಲ್ಲಿ ಒಂದು ಧಾರೆ ಏರಿಸಿ, ನಡುವೆ ಅದಕ್ಕೆ ವಿದ್ಯುತ್ತಿನಿಂದ ಕಾವು ಕೊಟ್ಟರು. ಆವಿ ಹನಿಯಾಗುವಾಗ ಮೋಡದೊಳಗ ಕಾವು ಹುಟ್ತದ, ಆ ಕಾವೇ ಮೋಡವನ್ನ ಮ್ಯಾಲಕ್ಕ ನೂಕ್ತದ. ಅದನ್ನೇ ಅಲ್ಲಿ ತೋರಿಸಿದರು. 2011ರಲ್ಲಿ ಅದು ಪ್ರಕಟವಾಯಿತು. 2013ರಲ್ಲಿ ಪದ್ಮವಿಭೂಷಣ ಬಂತು.

ಹಂಗಂತ ಅವರು ನಮಗ ಮಳಿ ತಂದು ಕೊಟ್ರು ಅಂತ ನಾನು ಹೇಳೋದಿಲ್ಲ. ಹವಾಮಾನದ ಮುನ್ಸೂಚನೆ ಇವತ್ತಿಗೂ ತಪ್ಪತದ. ಆದರೆ ಅವರ ಬದುಕು ನನ್ನ ತಪ್ಪನ್ನ ನನಗೆ ತೋರಿಸಿತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದೆ. ಬೋರ್ಡಿನ ಮೇಲೆ ಮಳೆಯ ಚಿತ್ರ ಬರೆದೆ. ಆದರೆ ನಮ್ಮ ಊರಾಗ ಬಿದ್ದ ಮಳಿ ಒಂದು ದಿವಸಾನೂ ಅಳೀಲಿಲ್ಲ. ತಮ್ಮನ ಬೆಳೆ ಹೋದಾಗ ಪರಿಹಾರದ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆವು. “ನಿಮ್ಮೂರಾಗ ಎಷ್ಟು ಮಳಿ ಬಿತ್ತು, ಯಾವ ದಿವಸ ಬಿತ್ತು?” ಅಂತ ಕೇಳಿದರು. “ಭಾಳ ಬಿತ್ರಿ ಸಾಹೇಬ್ರ” ಅಂದ ನನ್ನ ತಮ್ಮ. ಬಾಜೂಕ ನಿಂತ ಈ ವಿಜ್ಞಾನದ ಮಾಸ್ತರನ ಹತ್ರಾನೂ ಬ್ಯಾರೆ ಉತ್ತರ ಇರಲಿಲ್ಲ.

ಅದಕ್ಕೆ ಈ ಬೆಳ್ಳಿಹಬ್ಬದಲ್ಲಿ ನನ್ನದೊಂದು ಬೇಡಿಕೆ ಅದ. ಸಂಘದ ಗೋದಾಮಿನ ಅಂಗಳದಾಗ ಒಂದು ಮಳಿಮಾಪಕ ನಿಲ್ಲಿಸೋಣ. ದಿನಾ ಬೆಳಿಗ್ಗೆ ಎಂಟೂವರೆಗೆ ಶಾಲೆಯ ಒಬ್ಬ ಹುಡುಗ ಅಥವಾ ಹುಡುಗಿ ಅಳೆದು ವಹಿಯಲ್ಲಿ ಬರೀಲಿ. ಒಂದು ಮಿಲಿಮೀಟರ್ ಮಳಿ ಅಂದ್ರ ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು, ಸಣ್ಣದಲ್ಲ. ಮೂರೂ ತಾಲೂಕಿನ ನಮ್ಮ ಊರುಗಳು ಹಿಂಗ ಬರೆದು, ಒಬ್ಬರಿಗೊಬ್ಬರು ತಿಳಿಸಿದರೆ, ಬಿತ್ತಿಗಿಗೂ ಆಸರ, ಅರ್ಜಿಗೂ ಆಧಾರ. ಮೊದಲನೇ ಮಾಪಕದ ಖರ್ಚು ನಾನು ನನ್ನ ಪೆನ್ಶನ್‌ನಾಗ ಕೊಡ್ತೀನಿ. ಮೊದಲನೇ ತಿಂಗಳು ಅಳೆಯೋದನ್ನೂ ನಾನೇ ಹೇಳಿಕೊಡ್ತೀನಿ. ವಹಿ ಮಾತ್ರ ಸಂಘದವರು ಕೊಡಬೇಕು.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.